ವಿಎಂ ಡಿಸ್ಕನ್ನ ಹಾಗೇ ಡಾಕರ್‌ಗೆ ಇಂಪೋರ್ಟ್ ಮಾಡಿದೋರು ಕಂಟೇನರ್ ತೆಗೆಯೋ ಮುಂಚೆ ಇದನ್ನ ಓದಿ

ಹಳೇ ಕ್ಲೌಡ್ ಸರ್ವರ್‌ನ (ವಿಎಂ, ಅಂದ್ರೆ ವರ್ಚುವಲ್ ಮಷೀನ್) ಇಡೀ ಡಿಸ್ಕಿನ ನಕಲು ತಗೊಂಡು ಅದನ್ನೇ ಡಾಕರ್‌ನ ಕಂಟೇನರ್ ಇಮೇಜ್ (ಕಂಟೇನರ್ ಅಂದ್ರೆ ಸಾಫ್ಟ್‌ವೇರ್ ಪ್ರತ್ಯೇಕವಾಗಿ ಓಡೋ ಡಬ್ಬಿ, ಇಮೇಜ್ ಅದು ಹುಟ್ಟೋ ಅಚ್ಚು) ಮಾಡ್ಕೊಳ್ಳೋಣ ಅಂತ ಯಾರಾದ್ರೂ ಹೊರಟಿದ್ರೆ ದಯವಿಟ್ಟು ಪೂರ್ತಿ ಓದಿ. ನಾವು ಹೀಗೇ ಮಾಡಿ ಒಬ್ಬ ವ್ಯಾಪಾರಿಯ 23 ದಿನದ ಬಿಲ್ ಎಲ್ಲಾ ಕಳೆದ್ವಿ.

ಹುಬ್ಬಳ್ಳಿಯೋರು ಅವರು, ಪಂಪ್‌ಸೆಟ್ ಬಿಡಿಭಾಗದ ಹೋಲ್‌ಸೇಲ್. ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ಉಬುಂಟು 16.04 ಹಾಕಿದ್ದ ಒಂದು ವಿಎಂನಲ್ಲಿ ವರ್ಷಗಳಿಂದ ಓಡ್ತಿತ್ತು, ವೆಬ್ ಸರ್ವರ್ ಅಪಾಚೆ, ಪಿಎಚ್‌ಪಿ 7.0, ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7 ಎಲ್ಲಾ ಅದೊಂದ್ರಲ್ಲೇ. ಆ ಉಬುಂಟುಗೆ ಮಾಮೂಲಿ ಸಪೋರ್ಟ್ 2021ರ ಏಪ್ರಿಲ್‌ಗೇ ಮುಗಿದಿದೆ, ಬಾಡಿಗೆ ಬೇರೆ ಜಾಸ್ತಿ ಆಗ್ತಿತ್ತು. ಸಾಫ್ಟ್‌ವೇರ್ ಬರೆದೋರು ಕೈಗೆ ಸಿಗಲ್ಲ, ಏನೇನು ಇನ್‌ಸ್ಟಾಲ್ ಮಾಡಿದಾರೆ ಅಂತ ಒಂದು ಸಾಲೂ ಬರೆದಿಟ್ಟಿಲ್ಲ, ಅದಕ್ಕೇ ಇಡೀ ಡಿಸ್ಕನ್ನ ಎತ್ಕೊಂಡು ಬಂದ್ರೆ ಏನೂ ಬಿಟ್ಟುಹೋಗಲ್ಲ ಅನ್ನಿಸ್ತು. ವಿಎಂ ನಿಲ್ಸಿ, ಇಮೇಜ್ ಎಕ್ಸ್‌ಪೋರ್ಟ್ ಮಾಡಿ, ಕ್ಯೂಕೌ2 ಫೈಲನ್ನ ರಾ ಫಾರ್ಮ್ಯಾಟ್‌ಗೆ ಬದಲಾಯ್ಸಿ, ಲೂಪ್ ಮೌಂಟ್ ಹಾಕಿ (ಆ ಫೈಲನ್ನೇ ಡಿಸ್ಕ್ ಥರ ತೆರೆದು), ಟಾರ್ ಕಟ್ಟಿ (ಎಲ್ಲಾ ಫೈಲ್ ಒಂದೇ ಗಂಟು ಮಾಡಿ), ಡಾಕರ್ ಇಂಪೋರ್ಟ್ ಕೊಟ್ವಿ. 11 ಜಿಬಿಯ ಒಂದೇ ಲೇಯರ್ (ಇಮೇಜ್ ಆಗೋದು ಇಂಥ ಪದರಗಳಿಂದ) ಬಂತು. ಅಪಾಚೆ, ಮೈಎಸ್‌ಕ್ಯೂಎಲ್ ಎರಡನ್ನೂ ಎಬ್ಬಿಸೋಕೆ ಒಂದು ಶೆಲ್ ಸ್ಕ್ರಿಪ್ಟ್ ಬರೆದು ಅದನ್ನೇ ಪಿಐಡಿ 1 (ಕಂಟೇನರ್‌ನಲ್ಲಿ ಮೊದಲು ಓಡೋ ಪ್ರೋಗ್ರಾಂ) ಮಾಡಿದ್ವಿ.

ಮೈಎಸ್‌ಕ್ಯೂಎಲ್ ಮೊದಲ ಸಲ ಏಳಲಿಲ್ಲ. ಪ್ರಿವಿಲೇಜ್ ಟೇಬಲ್‌ಗಳನ್ನ (ಯಾರಿಗೆ ಏನು ಅನುಮತಿ ಅನ್ನೋ ಪಟ್ಟಿ) ಓಪನ್ ಮಾಡಿ ಲಾಕ್ ಮಾಡೋಕಾಗ್ತಿಲ್ಲ ಅಂತ ಎರರ್. ಹುಡುಕಿದ್ರೆ, ಡೇಟಾ ಫೋಲ್ಡರ್‌ನ ಎಲ್ಲಾ ಫೈಲ್‌ಗೂ ಒಂದ್ಸಲ ಟಚ್ ಕಮಾಂಡ್ (ಫೈಲ್‌ನ ಸಮಯ ಮಾತ್ರ ಬದಲಾಯ್ಸುತ್ತೆ) ಕೊಡಿ ಅಂತ ಸಿಕ್ತು, ಕೊಟ್ವಿ, ಎದ್ಬಿಡ್ತು, ಮುಂದಕ್ಕೆ ಹೋದ್ವಿ. ಅಲ್ಲೇ ನಿಂತು ಯೋಚನೆ ಮಾಡ್ಬೇಕಿತ್ತು. ಓವರ್‌ಲೇ ಫೈಲ್‌ಸಿಸ್ಟಂನಲ್ಲಿ (ಡಾಕರ್ ಲೇಯರ್‌ಗಳನ್ನ ಒಂದರ ಮೇಲೊಂದು ಜೋಡಿಸೋ ರೀತಿ) ಇಮೇಜ್‌ನೊಳಗಿನ ಫೈಲ್‌ಗೆ ಏನಾದ್ರೂ ಬರೆಯೋಕೆ ಹೋದ್ರೆ ಮೊದಲು ಅದರ ಕಾಪಿ ಕಂಟೇನರ್‌ನ ಮೇಲಿನ ಲೇಯರ್‌ಗೆ ಬರುತ್ತೆ, ಟಚ್ ಮಾಡಿದ್ದು ಅದನ್ನೇ. ಅಂದ್ರೆ ಡೇಟಾಬೇಸ್ ಯಾವ ವಾಲ್ಯೂಮ್‌ನಲ್ಲೂ (ಕಂಟೇನರ್ ಹೋದ್ರೂ ಡೇಟಾ ಉಳಿಯೋ ಜಾಗ) ಇಲ್ಲ, ಕಂಟೇನರ್ ಹೋದ್ರೆ ಜೊತೆಗೇ ಹೋಗೋ ಜಾಗದಲ್ಲಿದೆ ಅಂತ ಆ ಎರರ್ ಅವತ್ತೇ ಹೇಳಿತ್ತು.

4ನೇ ತಾರೀಖು ಲೈವ್ ಆಯ್ತು. 27ರ ರಾತ್ರಿ ಪಿಎಚ್‌ಪಿ ಅಪ್‌ಲೋಡ್ ಲಿಮಿಟ್ ಜಾಸ್ತಿ ಮಾಡ್ಬೇಕಿತ್ತು, ಅದೇ ಇಮೇಜ್ ಮೇಲೆ ಹೊಸ ಇಮೇಜ್ ಬಿಲ್ಡ್ ಮಾಡಿ, ಹಳೇ ಕಂಟೇನರನ್ನ ಫೋರ್ಸ್ ಕೊಟ್ಟು ರಿಮೂವ್ ಮಾಡಿ, ಹೊಸದನ್ನ ರನ್ ಮಾಡಿದ್ವಿ. ಲಾಗಿನ್ ಆಯ್ತು, ಬಿಲ್‌ಗಳೂ ಕಂಡ್ವು, ಮಲ್ಕೊಂಡ್ವಿ. ಬೆಳಿಗ್ಗೆ ಫೋನ್: "ಸರ್, ಲಾಗಿನ್ ಆಗ್ತೈತ್ರಿ, ಆದ್ರ 4ನೇ ತಾರೀಖಿನಿಂದ ಈಚಿಗೆ ಒಂದೂ ಬಿಲ್ ಕಾಣವಲ್ದು ನೋಡ್ರಿ."

ಹೊಸ ಕಂಟೇನರ್ ಹುಟ್ಟಿದ್ದು ಇಮೇಜ್‌ನಿಂದ, ಇಮೇಜ್‌ನೊಳಗೆ ಇದ್ದಿದ್ದು ಟಾರ್ ಕಟ್ಟಿದ ದಿನದ ಡೇಟಾಬೇಸ್. ಖಾಲಿ ಬಂದಿದ್ರೆ ಆ ರಾತ್ರಿನೇ ಗೊತ್ತಾಗ್ತಿತ್ತು, ಹಳೇ ಡೇಟಾ ತುಂಬ್ಕೊಂಡು ಬಂದಿದ್ದಕ್ಕೇ ಗೊತ್ತಾಗಲಿಲ್ಲ. ಮೈಎಸ್‌ಕ್ಯೂಎಲ್‌ನ ಅಫೀಶಿಯಲ್ ಇಮೇಜ್‌ನಲ್ಲಿ ಡೇಟಾ ಫೋಲ್ಡರ್‌ಗೆ ವಾಲ್ಯೂಮ್ ಅಂತ ಬರೆದೇ ಇರುತ್ತೆ, ನಾವು ಮರೆತ್ರೂ ಡಾಕರ್ ತಾನೇ ಒಂದು ಹೆಸರಿಲ್ಲದ ವಾಲ್ಯೂಮ್ ಮಾಡಿಡುತ್ತೆ, ಕಂಟೇನರ್ ಮಾತ್ರ ತೆಗೆದ್ರೆ ಡೇಟಾ ಉಳ್ಕೊಳ್ಳುತ್ತೆ. ಇಂಪೋರ್ಟ್ ಮಾಡಿದ ಟಾರ್‌ನಲ್ಲಿ ಅಂಥ ಮಾಹಿತಿ ಯಾವುದೂ ಇರಲ್ಲ, ನಾವೇ ಸೇರಿಸ್ಬೇಕು.

ಬ್ಯಾಕಪ್ ಇದೆಯಲ್ಲ ಅಂತ ಹೋಗಿ ನೋಡಿದ್ರೆ ಕೊನೇ ಫೈಲ್ 4ನೇ ತಾರೀಖಿನದು. ವಿಎಂನಲ್ಲಿ ದಿನಾ ಬೆಳಗಿನ ಜಾವ 2ಕ್ಕೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸೋ ಪ್ರೋಗ್ರಾಂ) ಡಂಪ್, ಅಂದ್ರೆ ಡೇಟಾಬೇಸಿನ ನಕಲು, ತಗೀತಿತ್ತು. ಆ ಕ್ರಾನನ್ನ ಎಬ್ಬಿಸ್ತಿದ್ದಿದ್ದು ಸಿಸ್ಟಂಡಿ (ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನ ಶುರು ಮಾಡೋ ಪ್ರೋಗ್ರಾಂ), ಕಂಟೇನರ್‌ನಲ್ಲಿ ಸಿಸ್ಟಂಡಿನೇ ಓಡ್ತಿಲ್ಲ, ನಮ್ಮ ಸ್ಕ್ರಿಪ್ಟ್ ಎಬ್ಬಿಸಿದ್ದು ಎರಡೇ ಎರಡು ಸರ್ವೀಸ್. ಕ್ರಾನ್‌ನ ಕೆಲಸದ ಪಟ್ಟಿ ಇರೋ ಕ್ರಾನ್‌ಟ್ಯಾಬ್ ಫೈಲ್ ಮಾತ್ರ ಇದ್ದ ಜಾಗದಲ್ಲೇ ಇತ್ತು, ನೋಡೋರಿಗೆ ಎಲ್ಲಾ ಸರಿ ಇದೆ ಅನ್ಸುತ್ತೆ. ಬ್ಯಾಕಪ್ ಫೇಲ್ ಆದ್ರೆ ಮೇಲ್ ಬರೋ ಹಾಗೆ ಸ್ಕ್ರಿಪ್ಟ್‌ನಲ್ಲಿತ್ತು, ಆದ್ರೆ ಆ ಸ್ಕ್ರಿಪ್ಟೇ ಓಡದಿದ್ರೆ ಮೇಲ್ ಕಳಿಸೋರು ಯಾರು? 23 ದಿನ ಮೇಲ್ ಬರಲಿಲ್ಲ, ಬ್ಯಾಕಪ್ ಆಗ್ತಿದೆ ಅಂತ ನಂಬಿದ್ವಿ.

ಡಿಲೀಟ್ ಆದ ಫೈಲ್ ವಾಪಸ್ ತರೋ ಟೂಲ್ ಹಾಕಿ ನೋಡಿದ್ವಿ, ಉಪಯೋಗಕ್ಕೆ ಬರೋ ಅಂಥದ್ದೇನೂ ಸಿಗಲಿಲ್ಲ. ಮುಂದಿನ 11ನೇ ತಾರೀಖಿಗೆ ಅವರು ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ರಿಟರ್ನ್) ಹಾಕ್ಬೇಕು. ಗಿರಾಕಿಗಳಿಗೆ ಹೋಗಿದ್ದ ಮೇಲ್‌ನಲ್ಲಿನ ಪಿಡಿಎಫ್, ಬ್ಯಾಂಕ್ ಸ್ಟೇಟ್‌ಮೆಂಟ್, ಅಂಗಡಿಯ ಹುಡುಗರು ಫೈಲ್ ಮಾಡಿಟ್ಟಿದ್ದ ಕಾರ್ಬನ್ ಕಾಪಿ, ಇಷ್ಟನ್ನ ಮುಂದಿಟ್ಕೊಂಡು ಐದು ದಿನ ಕೂತು ಒಂದೊಂದೇ ಬಿಲ್ ವಾಪಸ್ ಎಂಟ್ರಿ ಮಾಡಿದ್ವಿ. ನಗದು ಮಾರಾಟದ ಕೆಲವು ಸಿಗಲೇ ಇಲ್ಲ. ಆ ಯಜಮಾನ್ರು ಒಂದು ಮಾತೂ ಗಟ್ಟಿಯಾಗಿ ಆಡಲಿಲ್ಲ, ಅದು ನನಗೆ ಇವತ್ತಿಗೂ ನೋವು.

ಇದೆಲ್ಲಾ ನೋಡೋವಾಗ ಇನ್ನೊಂದು ಕಣ್ಣಿಗೆ ಬಿತ್ತು. ರೂಟ್ ಯೂಸರ್‌ನ ಎಸ್‌ಎಸ್‌ಎಚ್ ಪ್ರೈವೇಟ್ ಕೀ (ಬೇರೆ ಸರ್ವರ್‌ಗೆ ಲಾಗಿನ್ ಆಗೋ ಗುಟ್ಟಿನ ಕೀ), ಪಾಸ್‌ವರ್ಡ್ ಟೈಪ್ ಮಾಡಿದ್ದ ಬ್ಯಾಶ್ ಹಿಸ್ಟರಿ ಎಲ್ಲಾ ಡಿಸ್ಕ್ ಜೊತೆ ಇಮೇಜ್‌ನೊಳಗೆ ಬಂದು ರಿಜಿಸ್ಟ್ರಿಗೂ (ಇಮೇಜ್‌ಗಳನ್ನ ಇಡೋ ಸರ್ವರ್) ಹೋಗಿತ್ತು. ಡಾಕರ್‌ಫೈಲ್‌ನಲ್ಲಿ (ಇಮೇಜ್ ಬಿಲ್ಡ್ ಮಾಡೋ ಸೂಚನೆಗಳ ಫೈಲ್) ಅಳಿಸೋ ಸಾಲು ಸೇರಿಸಿದ್ರೆ ಸಾಲಲ್ಲ, ಕೆಳಗಿನ ಲೇಯರ್‌ನಲ್ಲಿ ಹಾಗೇ ಇರುತ್ತೆ, ಡಾಕರ್ ಸೇವ್ ಮಾಡಿ ಟಾರ್ ಬಿಚ್ಚಿದ್ರೆ ಯಾರಿಗೆ ಬೇಕಾದ್ರೂ ಸಿಗುತ್ತೆ. ಟಾರ್ ಕಟ್ಟೋ ಮುಂಚೆನೇ ತೆಗೀಬೇಕು, ಈಗಾಗಲೇ ಪುಶ್ ಆಗಿದ್ರೆ ಆ ಕೀ, ಪಾಸ್‌ವರ್ಡ್ ಎಲ್ಲಾ ಬದಲಾಯಿಸ್ಲೇಬೇಕು.

ಈಗ ನಾವು ಡಿಸ್ಕ್ ಎತ್ಕೊಂಡು ಬರೋದನ್ನೇ ಬಿಟ್ಟಿದೀವಿ. ಪಿಎಚ್‌ಪಿಗೆ ಒಂದು ಹೊಸ ಇಮೇಜ್, ಮೈಎಸ್‌ಕ್ಯೂಎಲ್ ಬೇರೆ ಕಂಟೇನರ್‌ನಲ್ಲಿ ಹೆಸರಿಟ್ಟ ವಾಲ್ಯೂಮ್ ಜೊತೆ, ಡೇಟಾ ಡಂಪ್ ಮೂಲಕ. ಹಳೇ ವಿಎಂ ಓಡ್ತಿರೋವಾಗ್ಲೇ ಅದರಲ್ಲಿ ಯಾವ್ಯಾವ ಸರ್ವೀಸ್ ಓಡ್ತಿದೆ, ಪ್ರತಿ ಯೂಸರ್‌ನ ಕ್ರಾನ್‌ಟ್ಯಾಬ್‌ನಲ್ಲಿ ಏನಿದೆ ಅಂತ ಬರ್ಕೊಳ್ತೀವಿ. ಕ್ರಾನ್ ಡಿ, ಕ್ರಾನ್ ಡೈಲಿ ಫೋಲ್ಡರ್‌ನೂ ನೋಡ್ರಪ್ಪ, ಅಲ್ಲೂ ಅಡಗಿರುತ್ತೆ.

ಆದ್ರೆ ನಿಮ್ಮ ಹತ್ರ ಹೀಗೆ ಇಂಪೋರ್ಟ್ ಮಾಡಿದ ಕಂಟೇನರ್ ಈಗಾಗ್ಲೇ ಓಡ್ತಿದ್ರೆ ಇವತ್ತೇ ಡಾಕರ್ ಡಿಫ್ ಕಮಾಂಡ್ ಹೊಡೀರಿ. ಇಮೇಜ್‌ಗೆ ಹೋಲಿಸಿದ್ರೆ ಯಾವ್ಯಾವ ಫೈಲ್ ಬದಲಾಗಿದೆ ಅಂತ ಪಟ್ಟಿ ಕೊಡುತ್ತೆ. ಅದರಲ್ಲಿ ಮೈಎಸ್‌ಕ್ಯೂಎಲ್ ಫೋಲ್ಡರ್ ಅಥವಾ ಅಪ್‌ಲೋಡ್ಸ್ ಕಾಣಿಸಿದ್ರೆ ಕಂಟೇನರ್ ಮುಟ್ಟಬೇಡಿ, ಮೊದಲು ಡಂಪ್ ತಗೊಂಡು, ಉಳಿದ ಫೈಲ್‌ಗಳನ್ನ ಡಾಕರ್ ಸಿಪಿ ಮಾಡಿ ಹೊರಗೆ ತಂದು, ಆ ಡಂಪ್ ಬೇರೆ ಕಡೆ ರಿಸ್ಟೋರ್ ಆಗುತ್ತಾ ಅಂತ ನೋಡ್ಕೊಂಡು ಆಮೇಲೆ ಮುಂದಿನ ಮಾತು.