ಫೆಟ್ ಸಿಮ್ಯುಲೇಷನ್‌ಗಳು: ಬಲ, ಚಲನೆ ಮತ್ತು ವಿದ್ಯುತ್ತಿನ ಪಾಠಕ್ಕೆ ಎಷ್ಟು ಉಪಯುಕ್ತ?

ಪ್ರೌಢಶಾಲೆಯಲ್ಲಿ ನ್ಯೂಟನ್ನನ ನಿಯಮಗಳನ್ನು ಕಲಿಸುವವರಿಗೆ ಎದುರಾಗುವ ನಿಜವಾದ ತೊಡಕು ಗಣಿತದ್ದಲ್ಲ. ತಳ್ಳುತ್ತಿದ್ದರೆ ಮಾತ್ರ ವಸ್ತು ಚಲಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂಬ ಅನುಭವದೊಂದಿಗೇ ವಿದ್ಯಾರ್ಥಿಗಳು ತರಗತಿಗೆ ಬರುತ್ತಾರೆ, ಮತ್ತು ಆ ಅನುಭವ ಸುಳ್ಳಲ್ಲ. ಅದರ ಹಿಂದೆ ಘರ್ಷಣೆ ಅಡಗಿ ಕುಳಿತಿರುವುದು ಅವರಿಗೆ ಕಾಣುವುದಿಲ್ಲ, ಅಷ್ಟೆ. ಹೀಗೆ ಕಣ್ಣಿಗೆ ಬೀಳದ ಸಂಗತಿಗಳನ್ನು ಕಾಣುವಂತೆ ಮಾಡುವ ಉದ್ದೇಶದಿಂದ, ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಆವರಣದಲ್ಲಿ ಆರಂಭಿಸಿದ ಯೋಜನೆಯೇ ಫೆಟ್. ಅದರ ಸಿಮ್ಯುಲೇಷನ್‌ಗಳು (ಪರದೆಯ ಮೇಲೆ ನಡೆಸಿ ನೋಡುವ ಅನುಕರಣ ಪ್ರಯೋಗಗಳು) ಉಚಿತವಾಗಿ ದೊರೆಯುತ್ತವೆ, ಬ್ರೌಸರಿನಲ್ಲೇ ನಡೆಯುತ್ತವೆ, ಬೇಕಾದರೆ ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಬಳಸಬಹುದು. ಪ್ರೌಢಶಾಲೆಯ ಪಾಠಕ್ಕೆ ನೇರವಾಗಿ ಒದಗುವ ಎರಡನ್ನು, ಬಲ ಮತ್ತು ಚಲನೆಯ ‘ಫೋರ್ಸಸ್ ಅಂಡ್ ಮೋಷನ್: ಬೇಸಿಕ್ಸ್’ ಹಾಗೂ ವಿದ್ಯುತ್ ಮಂಡಲಗಳ ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’ಯನ್ನು ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ.

ಮೊದಲನೆಯದರಲ್ಲಿ ನಾಲ್ಕು ಪರದೆಗಳಿವೆ. ಹಗ್ಗಜಗ್ಗಾಟದ ಪರದೆಯನ್ನು ಕಿರಿಯರ ಆಟವೆಂದು ಬದಿಗಿಡುವ ಶಿಕ್ಷಕರಿದ್ದಾರೆ. ಆದರೆ ಇಡೀ ಸಿಮ್ಯುಲೇಷನ್ನಿನ ಅತ್ಯುತ್ತಮ ಪ್ರಶ್ನೆ ಅಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಒಂದು ಬದಿಗೆ ಹೆಚ್ಚು ಬಲದ ಬೊಂಬೆಗಳನ್ನು ನಿಲ್ಲಿಸಿದರೆ ಗಾಡಿ ಆ ಕಡೆಗೆ ಹೊರಡುತ್ತದೆ. ಅದು ಇನ್ನೂ ಓಡುತ್ತಿರುವಾಗಲೇ ಎರಡೂ ಬದಿಯ ಬಲಗಳನ್ನು ಸಮಗೊಳಿಸಿದರೆ ಏನಾಗುತ್ತದೆ ಎಂದು ಕೇಳಿ ನೋಡಿ. ಗಾಡಿ ನಿಲ್ಲುತ್ತದೆ ಎಂದೇ ತರಗತಿಯ ಬಹುಪಾಲು ಧ್ವನಿ ಹೇಳುತ್ತದೆ. ಪರದೆಯ ಮೇಲೆ ಮಾತ್ರ ಫಲಿತ ಬಲ ಸೊನ್ನೆಯಾಗಿದ್ದರೂ ಗಾಡಿ ಅದೇ ವೇಗದಲ್ಲಿ ಮುಂದಕ್ಕೆ ಸಾಗುತ್ತಿರುತ್ತದೆ. ಮೊದಲ ನಿಯಮವನ್ನು ಬಾಯಿಪಾಠ ಒಪ್ಪಿಸಬಲ್ಲ ವಿದ್ಯಾರ್ಥಿಯೂ ಈ ದೃಶ್ಯದ ಮುಂದೆ ಒಂದು ಕ್ಷಣ ತಡವರಿಸುತ್ತಾನೆ, ಮತ್ತು ಆ ತಡವರಿಕೆಯಿಂದಲೇ ಪಾಠ ಮುಂದುವರಿಯಬೇಕು.

ಘರ್ಷಣೆಯ ಪರದೆಯೂ ಚೆನ್ನಾಗಿದೆ. 50 ಕಿಲೋಗ್ರಾಂ ಪೆಟ್ಟಿಗೆಗೆ 50 ನ್ಯೂಟನ್ ಬಲ ಕೊಟ್ಟರೆ ಅದು ಕದಲುವುದಿಲ್ಲ, ಘರ್ಷಣಾ ಬಲದ ಬಾಣವೂ ಎದುರು ದಿಕ್ಕಿನಲ್ಲಿ ಸರಿಯಾಗಿ ಅಷ್ಟೇ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕೊಡುವ ಬಲ ಹೆಚ್ಚಿದಂತೆ ಅದೂ ಬೆಳೆಯುತ್ತದೆ, ಪೆಟ್ಟಿಗೆ ಜಾರಿದೊಡನೆ ಕುಗ್ಗುತ್ತದೆ. ಸ್ಥಿರ ಘರ್ಷಣೆಗೆ ಒಂದೇ ನಿಗದಿತ ಬೆಲೆಯಿಲ್ಲ, ಒಂದು ಗರಿಷ್ಠ ಮಿತಿಯವರೆಗೆ ಅದು ಕೊಟ್ಟ ಬಲಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ ಎಂಬುದನ್ನು ಇಷ್ಟು ಸಲೀಸಾಗಿ ತೋರಿಸುವ ಬೇರೆ ಸಾಧನ ನನಗೆ ಕಂಡಿಲ್ಲ. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು: ವೇಗ ಒಂದು ಮಿತಿಯನ್ನು ಮುಟ್ಟಿದಾಗ ತಳ್ಳುವ ಬೊಂಬೆ ಮುಗ್ಗರಿಸಿ ಬೀಳುತ್ತದೆ, ಆಮೇಲೆ ಆ ದಿಕ್ಕಿಗೆ ಬಲ ಹಾಕಲು ಆಗುವುದಿಲ್ಲ. ಇದು ಪರದೆಯ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡೇ ಹೊರತು ಪ್ರಕೃತಿಯ ನಿಯಮವಲ್ಲ ಎಂದು ಶಿಕ್ಷಕರು ಮೊದಲೇ ತಿಳಿಸದಿದ್ದರೆ, ವಸ್ತುವಿಗೆ ‘ಗರಿಷ್ಠ ವೇಗ’ ಎಂಬುದೊಂದು ಇದೆ ಎಂಬ ಹೊಸ ತಪ್ಪು ಕಲ್ಪನೆ ಹುಟ್ಟಿಕೊಳ್ಳುತ್ತದೆ.

ವಿದ್ಯುತ್ತಿನ ಕಿಟ್ ಇದಕ್ಕಿಂತ ಶ್ರೀಮಂತವಾದದ್ದು. ಹಾಗೆಯೇ ಹೆಚ್ಚು ಎಚ್ಚರಿಕೆಯನ್ನೂ ಬೇಡುತ್ತದೆ. ಸರಣಿಯಲ್ಲಿರುವ ಮೊದಲ ಬಲ್ಬ್ ಕರೆಂಟಿನ ಒಂದಿಷ್ಟನ್ನು ತಿಂದು, ಮಿಕ್ಕಿದ್ದನ್ನು ಎರಡನೆಯದಕ್ಕೆ ಕಳಿಸುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಓಮ್‌ನ ನಿಯಮದ ಲೆಕ್ಕಗಳನ್ನೆಲ್ಲ ಸರಿಯಾಗಿ ಬಿಡಿಸುವವರಲ್ಲೂ ಅದು ಉಳಿದುಕೊಂಡಿರುತ್ತದೆ. ಇಲ್ಲಿ 9 ವೋಲ್ಟ್ ಬ್ಯಾಟರಿಗೆ ತಲಾ 10 ಓಮ್ ರೋಧದ ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಮೊದಲ ಬಲ್ಬಿನ ಮುಂದೆ, ನಡುವೆ, ಎರಡನೆಯದರ ಆಚೆ ಎಲ್ಲಿ ಅಳೆದರೂ ಅಮ್ಮೀಟರ್ 0.45 ಆಂಪಿಯರ್ ಎಂದೇ ತೋರಿಸುತ್ತದೆ. ವೋಲ್ಟ್‌ಮೀಟರಿನಲ್ಲಿ ಪ್ರತಿ ಬಲ್ಬಿಗೂ 4.5 ವೋಲ್ಟ್. ಹಂಚಿಹೋಗಿರುವುದು ವಿಭವಾಂತರ, ಪ್ರವಾಹವಲ್ಲ. ಅವೇ ಬಲ್ಬ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಬ್ಯಾಟರಿಯಿಂದ ಹೊರಡುವ ಪ್ರವಾಹ 1.8 ಆಂಪಿಯರಿಗೆ ಏರುತ್ತದೆ. ಬ್ಯಾಟರಿಯ ಎರಡು ತುದಿಗಳನ್ನು ಬರೀ ತಂತಿಯಿಂದ ಸೇರಿಸಿದರೆ ಅದು ಬೆಂಕಿ ಹತ್ತಿಕೊಳ್ಳುತ್ತದೆ, ಯಾರಿಗೂ ಅಪಾಯವಿಲ್ಲದೆ. (ಮಂಡಲಕ್ಕೆ ಜೋಡಿಸಲು ಒಂದು ನಾಯಿಯೂ ಇದೆ. ಅದು ವಿದ್ಯಾರ್ಥಿಗಳ ಕೈಗೆ ಸಿಕ್ಕ ಮೇಲೆ ರೋಧದ ಮಾತು ಎತ್ತಿ ಪ್ರಯೋಜನವಿಲ್ಲ. ಹಾಗಾಗಿ ಅಳತೆಯ ಕೆಲಸವನ್ನು ಮೊದಲೇ ಮುಗಿಸಿಕೊಳ್ಳುವುದು ಜಾಣತನ.)

ಎಚ್ಚರಿಕೆ ಬೇಕಾದದ್ದು ಎಲೆಕ್ಟ್ರಾನುಗಳ ವಿಷಯದಲ್ಲಿ. ತಂತಿಯೊಳಗೆ ನೀಲಿ ಗುಂಡುಗಳು ಸಾಲಾಗಿ ಸರಿಯುವುದು ಕಲಿಕೆಗೆ ಬಹಳ ಸಹಾಯಕ, ಬೇಕಾದಾಗ ಸಾಂಪ್ರದಾಯಿಕ ಪ್ರವಾಹದ (ಧನ ತುದಿಯಿಂದ ಋಣ ತುದಿಗೆ ಹರಿಯುತ್ತದೆಂದು ಎಣಿಸುವ ಪ್ರವಾಹ) ಬಾಣಗಳಿಗೆ ಬದಲಾಯಿಸುವ ಆಯ್ಕೆಯೂ ಇದೆ. ಆದರೆ 1 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸಾಗುವ ಸರಾಸರಿ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ. ಸ್ವಿಚ್ ಒತ್ತಿದೊಡನೆ ದೀಪ ಹೊತ್ತುವುದು ಸ್ವಿಚ್ಚಿನ ಬಳಿಯ ಎಲೆಕ್ಟ್ರಾನು ಓಡಿಬಂದು ಬಲ್ಬನ್ನು ತಲಪುವುದರಿಂದಲ್ಲ, ಮಂಡಲದ ಉದ್ದಕ್ಕೂ ಇರುವ ಎಲೆಕ್ಟ್ರಾನುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಕದಲುವುದರಿಂದ. ಪರದೆ ಇದನ್ನು ತಾನಾಗಿ ವಿವರಿಸುವುದಿಲ್ಲ. ಬಲ್ಬಿನ ರೋಧ ಬದಲಾಗದೆ ಉಳಿಯುವುದೂ ಇಂಥದ್ದೇ ಸರಳೀಕರಣ. ನಿಜವಾದ ಟಂಗ್‌ಸ್ಟನ್ ತಂತು ಕಾದಂತೆ ಅದರ ರೋಧ ಹಲವು ಪಟ್ಟು ಏರುತ್ತದೆ. ಬ್ಯಾಟರಿಯ ಆಂತರಿಕ ರೋಧ ಮತ್ತು ತಂತಿಯ ರೋಧಶೀಲತೆಯನ್ನು ಹೊಂದಿಸಿಕೊಳ್ಳುವ ಗುಂಡಿಗಳನ್ನು ಕೊಟ್ಟಿರುವುದು ಮೆಚ್ಚುವಂಥದ್ದು, ಆದರೆ ಅವು ಇರುವುದನ್ನೇ ಅನೇಕರು ಗಮನಿಸಿರಲಾರರು.

ತಾಂತ್ರಿಕವಾಗಿ ದೊಡ್ಡ ದೂರುಗಳಿಲ್ಲ. ಹೊಸ ಆವೃತ್ತಿಗಳು ಫೋನಿನಲ್ಲೂ ತೆರೆದುಕೊಳ್ಳುತ್ತವೆ, ಆದರೆ ಚಿಕ್ಕ ಪರದೆಯಲ್ಲಿ ತಂತಿಯ ತುದಿಗಳನ್ನು ಬೆರಳಿನಿಂದ ಜೋಡಿಸುವುದು ತಾಳ್ಮೆಯ ಕೆಲಸ. ಜಾವಾದಲ್ಲಿ ಬರೆದ ಹಳೆಯ ಕೆಲವು ಸಿಮ್ಯುಲೇಷನ್‌ಗಳು ಇವುಗಳಷ್ಟು ನಯವಾಗಿ ನಡೆಯುವುದಿಲ್ಲ.

ಶಿಫಾರಸು ಮಾಡುವುದಾದರೆ ಎರಡನ್ನೂ ಮಾಡುತ್ತೇನೆ, ಆದರೆ ಎರಡಕ್ಕೂ ಒಂದೇ ಕ್ರಮ ಒಗ್ಗುವುದಿಲ್ಲ. ಘರ್ಷಣೆಯೇ ಇಲ್ಲದ ನೆಲ ಯಾವ ಪ್ರಯೋಗಾಲಯದಲ್ಲೂ ಸಿಗುವುದಿಲ್ಲವಾದ್ದರಿಂದ, ಬಲ ಮತ್ತು ಚಲನೆಯ ಪಾಠವನ್ನು ಸಿಮ್ಯುಲೇಷನ್ನಿನಿಂದಲೇ ಆರಂಭಿಸಿ, ನಂತರ ಟ್ರಾಲಿ ಮತ್ತು ಸ್ಪ್ರಿಂಗ್ ತಕ್ಕಡಿಗೆ ಬರುವುದು ಒಳ್ಳೆಯದು. ವಿದ್ಯುತ್ತಿನಲ್ಲಿ ಇದು ತಿರುವುಮುರುವಾಗಬೇಕು. ಶುಷ್ಕಕೋಶ, ಬಲ್ಬ್, ತಂತಿಗಳನ್ನು ವಿದ್ಯಾರ್ಥಿಗಳು ಮೊದಲು ಕೈಯಾರೆ ಜೋಡಿಸಬೇಕು. ಸಡಿಲ ಸಂಪರ್ಕದಿಂದ ದೀಪ ಮಿಣುಕುವುದನ್ನೂ, ಅಮ್ಮೀಟರಿನ ಮುಳ್ಳು ಎರಡು ಗೆರೆಗಳ ನಡುವೆ ನಿಲ್ಲುವುದನ್ನೂ ಅವರು ಕಾಣಬೇಕು. ಆ ಅಳತೆಗಳನ್ನು ಬರೆದಿಟ್ಟುಕೊಂಡ ಮೇಲೆ ಅದೇ ಮಂಡಲವನ್ನು ಕಿಟ್‌ನಲ್ಲಿ ಕಟ್ಟಿಸಿದರೆ, ಎರಡು ಉತ್ತರಗಳು ಏಕೆ ತಾಳೆಯಾಗುತ್ತಿಲ್ಲ ಎಂದು ಕೇಳಲು ಅವಕಾಶ ಸಿಗುತ್ತದೆ, ಮತ್ತು ಆಂತರಿಕ ರೋಧದ ಆ ಗುಂಡಿಯನ್ನು ತಿರುಗಿಸಿ ಎರಡನ್ನೂ ಹತ್ತಿರ ತರುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಒಪ್ಪಿಸಬಹುದು.