ಮನೆಗೊಂದು ಸೋಲಾರಾ, ಊರಿಗೊಂದಾ?

ಹಳ್ಳಿಗೆ ಸೋಲಾರ್ ಕರೆಂಟ್ ಹಾಕಿಸುವಾಗ ಮನೆಮನೆಗೂ ಬೇರೆ ಪ್ಯಾನೆಲ್ಲಾ, ಎಲ್ಲರಿಗೂ ಸೇರಿ ಒಂದೇ ಘಟಕವಾ ಅಂತ ತೀರ್ಮಾನಿಸಬೇಕಾದರೆ, ಮೊದಲು ಮನೆಗಳು ಎಷ್ಟು ದೂರ ಇವೆ ನೋಡಿ. ಮಲೆನಾಡಿನ ಹಾಗೆ ತೋಟಕ್ಕೊಂದು ಮನೆ ಇದ್ದರೆ ಊರಿಗೊಂದೇ ಘಟಕ ಹಾಕಿದಾಗ ಕಂಬ, ತಂತಿಗೇ ದುಡ್ಡು ಮುಗಿಯುತ್ತದೆ, ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಎಲ್ಲರ ಮನೆಯೂ ಕತ್ತಲು. ಅಲ್ಲಿ ಮನೆಗೊಂದು ಪ್ಯಾನೆಲ್ಲೇ ವಾಸಿ. ಬೆಂಗಳೂರಿನ ಸೋಲಾರ್ ಕಂಪನಿ ಸೆಲ್ಕೋ 1995ರಲ್ಲಿ ಶುರುವಾಗಿದ್ದೂ ಇಂಥ ಮನೆ ದೀಪಗಳಿಂದಲೇ. ಬ್ಯಾಂಕ್ ಸಾಲವಾದರೆ ಅಡಿಕೆ ಮಾರಿದಾಗ ಕಟ್ಟುವಂಥ ಕಂತು ಕೇಳಿ.

ಬಾಳಿಕೆ? ಪ್ಯಾನೆಲ್ ಇಪ್ಪತ್ತೈದು ವರ್ಷ ಬರುತ್ತದೆ, ತಲೆನೋವು ಬ್ಯಾಟರಿಯದು. ಸೀಲ್ ಆಗಿರದ ಲೆಡ್ ಆಸಿಡ್ ಬ್ಯಾಟರಿ ಆದರೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಮನೆಮನೆಯಲ್ಲೂ ಯಾರು ನೋಡ್ತಾರೆ ಅಲ್ವಾ? ಊರ ಘಟಕಕ್ಕೆ ಒಬ್ಬರನ್ನು ನೇಮಿಸಿದರೆ ಸಾಕು.

ಒತ್ತೊತ್ತಾಗಿ ಮನೆಗಳಿದ್ದು, ಹಿಟ್ಟಿನ ಗಿರಣಿಯೂ ಓಡಬೇಕು ಅಂದರೆ ಊರ ಘಟಕವೇ ಬೇಕು. ಆದರೆ ಒಬ್ಬ ಸುಮ್ನೆ ವಾಟರ್ ಹೀಟರ್ ಹಾಕಿದರೂ ಲೋಡ್ ಜಾಸ್ತಿಯಾಗಿ ಎಲ್ಲರ ಕರೆಂಟ್ ಹೋಗಬಹುದು. ತಿಂಗಳ ಹಣ ವಸೂಲಿ ಮಾಡೋದು ಯಾರು ಅಂತ ಮೊದಲೇ ತೀರ್ಮಾನಿಸಿ, ಜಗಳ ಶುರುವಾಗೋದು ಅಲ್ಲೇ.