ಬೆಕ್ಕಿನ ತುರಿಕೆ ಹುಣ್ಣಿಗೆ ಫಿಪ್ರೊನಿಲ್ ಡ್ರಾಪ್ಸ್: ಎರಡು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಡ್ರಾಪ್ಸ್ ಕೊಲ್ಲುವುದು ಚಿಗಟವನ್ನು. ಹುಣ್ಣು ಆಮೇಲೆ ತಾನಾಗಿ ಒಣಗಬೇಕು. ನಮ್ಮ ಬೋಂಡನ ಹುಣ್ಣಿಗೆ ಚಿಗಟವೇ ಕಾರಣವಾಗಿತ್ತು, ಹಾಗಾಗಿ ಉಪಯೋಗಕ್ಕೆ ಬಂತು. ನಿಮ್ಮ ಬೆಕ್ಕಿಗೆ ಕಾರಣ ಬೇರೆ ಇದ್ದರೆ ದುಡ್ಡು ದಂಡ ಅಷ್ಟೆ.

ನಾನು ಹಾಕುತ್ತಿರುವುದು ಬೆಕ್ಕಿಗೆಂದೇ ಬರುವ 0.5 ಮಿ.ಲೀ. ಪಿಪೆಟ್, ಅಂದರೆ ಔಷಧ ತುಂಬಿದ ಸಣ್ಣ ಪ್ಲಾಸ್ಟಿಕ್ ಕೊಳವೆ. ಒಳಗೆ ಎರಡು ಔಷಧ: ಫಿಪ್ರೊನಿಲ್ ಮತ್ತು ಎಸ್-ಮೆಥೊಪ್ರೀನ್. ಮೊದಲನೆಯದು ದೊಡ್ಡ ಚಿಗಟವನ್ನು ಸಾಯಿಸುತ್ತದೆ. ಎರಡನೆಯದು ಮೊಟ್ಟೆ, ಮರಿ ಬೆಳೆಯದಂತೆ ತಡೆಯುತ್ತದೆ. ಇದೇ ಜೋಡಿ ಬೇರೆ ಬೇರೆ ಕಂಪನಿ ಹೆಸರಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಆ ತಿಂಗಳು ಯಾವುದು ಇತ್ತೋ ಅದನ್ನೇ ತಂದಿದ್ದೇನೆ, ವ್ಯತ್ಯಾಸ ಏನೂ ಕಾಣಲಿಲ್ಲ. ಡಬ್ಬಿ ಮೇಲೆ ದೊಡ್ಡದಾಗಿ ಬರೆದ ಹೆಸರಿಗಿಂತ ಕೆಳಗೆ ಸಣ್ಣದಾಗಿ ಬರೆದ ಔಷಧದ ಹೆಸರು ಓದಿ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹಳ್ಳಿ ಮನೆ. ಕೊಟ್ಟಿಗೆ ಇದೆ, ಅಟ್ಟ ಇದೆ, ಬಚ್ಚಲ ಪಕ್ಕ ಸೌದೆ ಒಟ್ಟಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಒದ್ದೆ. ಚಿಗಟಕ್ಕೆ ಇನ್ನೇನು ಬೇಕು ಹೇಳಿ? ಬೆಚ್ಚಗೆ ತೇವ ಇದ್ದರೆ ಮೊಟ್ಟೆಯಿಂದ ಚಿಗಟ ಆಗಲು ಮೂರ್ನಾಲ್ಕು ವಾರ ಸಾಕು.

ಬೋಂಡನಿಗೆ ಆಗ ಏಳು ತಿಂಗಳು. ಕುತ್ತಿಗೆ ಸುತ್ತ ಮತ್ತು ಬಾಲ ಶುರುವಾಗುವ ಕಡೆ ಕೆರೆದುಕೊಂಡೇ ಇರುತ್ತಿದ್ದ. ಮೇಲಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕೈಯಾಡಿಸಿದರೆ ಮಾತ್ರ ಚರ್ಮಕ್ಕೆ ರಾಗಿ ಕಾಳು ಅಂಟಿಸಿದ ಹಾಗೆ ಒರಟೊರಟು. ಕೂದಲು ಬಿಡಿಸಿ ನೋಡಿದರೆ ಸಣ್ಣ ಸಣ್ಣ ಹಕ್ಕಳೆ. ಕಿವಿಯ ಹಿಂದೆ ಕೆರೆದು ಕಿತ್ತುಹೋಗಿ ರಸಿಗೆ ಬರುತ್ತಿತ್ತು. ರಾತ್ರಿ ಮಂಚದ ಕೆಳಗೆ ಕಾಲಿನಿಂದ ಕೆರೆಯುವ ಟಕ ಟಕ ಸದ್ದಿಗೆ ಯಾರಿಗೂ ನಿದ್ದೆ ಇಲ್ಲ.

ಮನೆಯಲ್ಲಿ ಸಲಹೆಗೇನು ಕೊರತೆ? "ಬೇವಿನೆಣ್ಣೆ ಹಚ್ಚೇ, ಎರಡು ದಿನಕ್ಕೆ ಹೋಗುತ್ತೆ" ಅಂದರು ಅತ್ತೆ. ಸೀಮೆಎಣ್ಣೆ ಒರೆಸಿ ಅಂದವರೂ ಇದ್ದರು. ನಾಯಿಗೆ, ದನಕ್ಕೆ ಹಚ್ಚಿದ್ದನ್ನು ಬೆಕ್ಕಿಗೆ ಹಚ್ಚಲು ಆಗುವುದಿಲ್ಲ. ಬೆಕ್ಕು ಮೈಮೇಲಿನದನ್ನೆಲ್ಲ ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ. ಅದರ ಲಿವರ್‌ಗೆ ಕೆಲವು ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ನೆಲ ಒರೆಸುವ ಫಿನಾಯಿಲ್ ಕೂಡ ಅದಕ್ಕೆ ವಿಷವೇ. ಅತ್ತೆಗೆ ಇದನ್ನು ಒಪ್ಪಿಸಿದ್ದು ನಾನಲ್ಲ, ಡಾಕ್ಟರು.

ತಾಲೂಕು ಪಶು ಆಸ್ಪತ್ರೆಯ ಡಾಕ್ಟರು ಮೊದಲು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಹೇನು ತೆಗೆಯುವಂಥ ಸೀರಣಿಗೆಯಿಂದ ಬಾಲದ ಬುಡ ಬಾಚಿದರು. ಬಂದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಹತ್ತಿಯ ಮೇಲೆ ಉದುರಿಸಿದರು. ಸ್ವಲ್ಪ ಹೊತ್ತಿಗೆ ಪ್ರತಿ ಚುಕ್ಕೆಯ ಸುತ್ತ ಇಟ್ಟಿಗೆ ಬಣ್ಣ ಹರಡಿಕೊಂಡಿತು. ಅದು ಚಿಗಟದ ಹಿಕ್ಕೆ, ಅಂದರೆ ಬೆಕ್ಕಿನದೇ ಜೀರ್ಣವಾದ ರಕ್ತ. ಮಣ್ಣಾಗಿದ್ದರೆ ಬಣ್ಣ ಬಿಡುತ್ತಿರಲಿಲ್ಲ. ಒಂದೂ ಚಿಗಟ ಕಂಡಿಲ್ಲವಲ್ಲ ಅಂತ ಕೇಳಿದೆ. ಬೆಕ್ಕು ನೆಕ್ಕುವಾಗ ಚಿಗಟವನ್ನೂ ನುಂಗಿಬಿಡುತ್ತದಂತೆ. ಅಲರ್ಜಿ ಇರುವುದು ಚಿಗಟದ ಜೊಲ್ಲಿಗೆ. ಹಾಗಾಗಿ ನಾಲ್ಕಾರು ಸಲ ಕಚ್ಚಿದರೂ ಮೈಯೆಲ್ಲ ತುರಿಕೆ.

ಈ ಸಣ್ಣ ಹಕ್ಕಳೆಗೆ ಮಿಲಿಯರಿ ಡರ್ಮಟೈಟಿಸ್ ಅನ್ನುತ್ತಾರೆ. ಇದು ಹೊರಗೆ ಕಾಣುವ ಲಕ್ಷಣದ ಹೆಸರು, ಹಿಂದಿನ ಕಾರಣ ಬೇರೆ ಬೇರೆ ಇರಬಹುದು. ಕಿವಿಯ ಅಂಚು, ಮುಖದ ಮೇಲೆ ದಪ್ಪ ಬೂದು ಹಕ್ಕಳೆ ಕಟ್ಟಿದ್ದರೆ ಕಜ್ಜಿ ನುಸಿ ಇರಬಹುದು. ಅದಕ್ಕೆ ಸಾಮಾನ್ಯವಾಗಿ ಸೆಲಮೆಕ್ಟಿನ್ ಥರದ ಬೇರೆ ಔಷಧ ಹಾಕುತ್ತಾರೆ, ಈ ಡ್ರಾಪ್ಸ್ ನಂಬಿ ಕೂರಬೇಡಿ. ದುಂಡಗೆ ಕೂದಲು ಉದುರಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ ಅಂತ ಅನುಮಾನ ಪಡಿ. ಅದು ಮನೆಮಂದಿಗೂ ಅಂಟುತ್ತದೆ, ಮಕ್ಕಳಿಗಂತೂ ಬೇಗ. ಊಟದ ಅಲರ್ಜಿಯಿಂದಲೂ ಬೆಕ್ಕು ಮುಖ, ಕುತ್ತಿಗೆ ಕೆರೆದುಕೊಳ್ಳುವುದುಂಟು. ಬೋಂಡನ ಚರ್ಮ ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ನುಸಿ ಕಾಣುತ್ತಿಲ್ಲ ಎಂದ ಮೇಲೆಯೇ ಡ್ರಾಪ್ಸ್ ಬರೆದುಕೊಟ್ಟರು.

ಜೊತೆಗೆ ಕೆಲವು ದಿನಕ್ಕೆ ತುರಿಕೆ ಇಳಿಸುವ ಪ್ರೆಡ್ನಿಸೊಲೋನ್ ಮಾತ್ರೆ, ರಸಿಗೆ ಬರುವ ಗಾಯಕ್ಕೆ ಆಂಟಿಬಯೋಟಿಕ್, ಒರೆಸಲು ಕ್ಲೋರ್‌ಹೆಕ್ಸಿಡಿನ್. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊದಲ ವಾರ ಕೆರೆತ ನಿಂತಿದ್ದು ಮಾತ್ರೆಯಿಂದ. ಆ ಶ್ರೇಯಸ್ಸನ್ನು ಡ್ರಾಪ್ಸ್‌ಗೆ ಕೊಡುವುದು ನ್ಯಾಯ ಅಲ್ಲ. ಕೆರೆಯದಂತೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಕೂಡ ಹಾಕಿದ್ದೆವು. ಅವನು ಅದರಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆದು ಹಾಲಿನ ಪಾತ್ರೆ ಉರುಳಿಸಿದ. ಆಮೇಲೆ ತಂದ ಬಟ್ಟೆಯ ಕಾಲರ್‌ಗೆ ಹೊಂದಿಕೊಂಡ.

ಹಾಕುವ ವಿಧಾನ ಸುಲಭ, ಬೆಕ್ಕು ಒಪ್ಪಿದರೆ. ತಲೆಯ ಹಿಂದೆ, ಕುತ್ತಿಗೆಯ ಬುಡದಲ್ಲಿ, ಅದರ ನಾಲಿಗೆ ತಲುಪದ ಜಾಗದಲ್ಲಿ ಕೂದಲು ಎರಡು ಭಾಗ ಮಾಡಿ. ಬಿಳಿ ಚರ್ಮ ಕಾಣಬೇಕು. ಪಿಪೆಟ್ ತುದಿ ಮುರಿದು ಚರ್ಮಕ್ಕೇ ತಾಗಿಸಿ ಪೂರ್ತಿ ಹಿಂಡಿ. ಕೂದಲ ಮೇಲೆ ಹಿಂಡಿದರೆ ಅಲ್ಲೇ ನಿಂತುಬಿಡುತ್ತದೆ. ಚರ್ಮದ ಎಣ್ಣೆ ಜೊತೆ ಸೇರಿ ಔಷಧ ಸುಮಾರು ಒಂದು ದಿನದಲ್ಲಿ ಮೈಯೆಲ್ಲ ಹರಡುತ್ತದೆ. ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಸ್ಪಿರಿಟ್ ಥರ ವಾಸನೆ ಬರುತ್ತದೆ, ಆ ಜಾಗದ ಕೂದಲು ಜಿಡ್ಡಾಗಿ ಮುಳ್ಳು ಮುಳ್ಳಾಗಿ ನಿಲ್ಲುತ್ತದೆ. ಒಣಗುವ ತನಕ ಮಕ್ಕಳ ಕೈಗೆ ಬೆಕ್ಕು ಸಿಗದಂತೆ ನೋಡಿಕೊಳ್ಳಿ. ಒಂದು ಸಲ ಬೋಂಡ ತಿರುಗಿ ಹೇಗೋ ನೆಕ್ಕಿಬಿಟ್ಟ, ಬಾಯಲ್ಲಿ ನೊರೆ ನೊರೆ ಜೊಲ್ಲು. ಡಾಕ್ಟರಿಗೆ ಫೋನ್ ಮಾಡಿದ್ದಕ್ಕೆ ಕಹಿಗೆ ಹಾಗಾಗುತ್ತೆ, ನೀರು ಕೊಟ್ಟು ಕಣ್ಣಿಡಿ ಅಂದರು. ಸ್ವಲ್ಪ ಹೊತ್ತಿಗೆ ಸರಿಹೋಯಿತು.

ಈಗ ಫಲಿತಾಂಶ. ಡ್ರಾಪ್ಸ್ ಹಾಕಿದ ಮರುದಿನ ಅವನು ಮಲಗುವ ಗೋಣಿ ಮೇಲೆ ಸತ್ತ ಚಿಗಟ ಬಿದ್ದಿದ್ದವು. ಖುಷಿಯಾಯಿತು. ಎರಡು ವಾರ ಬಿಟ್ಟು ನೋಡಿದರೆ ಸೀರಣಿಗೆಗೆ ಮತ್ತೆ ಜೀವಂತ ಚಿಗಟ! ಔಷಧ ಡೂಪ್ಲಿಕೇಟ್ ಇರಬೇಕು ಅಂತ ನಮ್ಮವರು ತೀರ್ಪು ಕೊಟ್ಟೇಬಿಟ್ಟರು. ಇದರ ಬಗ್ಗೆ ಬೇಜಾರಿನ ರಿವ್ಯೂ ಬರೆಯುವವರಲ್ಲಿ ಬಹಳ ಜನ ಸಿಕ್ಕಿಬೀಳುವುದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಬೆಕ್ಕಿನ ಮೈಮೇಲೆ ಇರುವುದು ಒಟ್ಟು ಸಂಸಾರದ ಒಂದು ಸಣ್ಣ ಪಾಲು. ಹೆಣ್ಣು ಚಿಗಟ ದಿನಕ್ಕೆ ಹೆಚ್ಚೆಂದರೆ 40-50 ಮೊಟ್ಟೆ ಇಡುತ್ತದೆ. ಮೊಟ್ಟೆ ಅಂಟಿಕೊಳ್ಳುವುದಿಲ್ಲ, ಬೆಕ್ಕು ಓಡಾಡಿದಲ್ಲೆಲ್ಲ ಉದುರುತ್ತದೆ. ಮರಿಗಳು ಬೆಳಕು ತಪ್ಪಿಸಿ ಚಾಪೆ ಕೆಳಗೆ, ನೆಲದ ಬಿರುಕಿಗೆ ಸೇರಿಕೊಳ್ಳುತ್ತವೆ. ಆಮೇಲೆ ಗೂಡು ಕಟ್ಟಿ ಕೂರುತ್ತವೆ. ಆ ಗೂಡಿಗೆ ಯಾವ ಔಷಧವೂ ಸರಿಯಾಗಿ ಇಳಿಯುವುದಿಲ್ಲ, ತಿಂಗಳುಗಟ್ಟಲೆ ಹಾಗೇ ಇರಬಲ್ಲವು. ಹತ್ತಿರ ಯಾರಾದರೂ ಓಡಾಡಿದರೆ, ಮೈ ಬಿಸಿ ತಾಗಿದರೆ ಎದ್ದು ನೆಗೆಯುತ್ತವೆ. ಸೀರಣಿಗೆಗೆ ಸಿಕ್ಕಿದ್ದು ಹೀಗೆ ಹೊಸದಾಗಿ ಹತ್ತಿದವು. ಅವೂ ಸಾಯುತ್ತವೆ, ಆದರೆ ಸಾಯುವ ಮೊದಲು ಕಚ್ಚಿರುತ್ತವೆ. ಜಾಸ್ತಿ ಅಲರ್ಜಿ ಇರುವ ಬೆಕ್ಕಿಗೆ ಈ ಔಷಧದ ನಿಜವಾದ ಮಿತಿ ಇದೇ.

ಹಾಗಾಗಿ ಮನೆ ಕೆಲಸ ಶುರುವಾಯಿತು. ಗೋಣಿ ಎಸೆದು, ತೊಳೆಯಲು ಬರುವ ಹಳೇ ಹತ್ತಿ ಸೀರೆ ಹಾಸಿದೆ. ವಾರಕ್ಕೊಮ್ಮೆ ಹಂಡೆಯ ಕುದಿಯುವ ನೀರಲ್ಲಿ ಅದ್ದಿ, ಬಿಸಿಲಿಲ್ಲದ ಕಾರಣ ಬಚ್ಚಲೊಲೆ ಮೇಲೆ ಒಣಗಿಸುತ್ತೇನೆ. ಮಂಚದ ಕೆಳಗೆ, ಬಾಗಿಲ ಸಂದಿಗೆ ವ್ಯಾಕ್ಯೂಮ್. ತುಂಬಿದ ಚೀಲ ಮನೆಯಲ್ಲಿ ಇಡದೆ ಕಟ್ಟಿ ಹೊರಗೆ ಹಾಕಬೇಕು. ಬೋಂಡನ ತಾಯಿಗೂ ಅದೇ ದಿನ ಡ್ರಾಪ್ಸ್. ಒಂದಕ್ಕೆ ಹಾಕಿ ಇನ್ನೊಂದನ್ನು ಬಿಟ್ಟರೆ ಸುಮ್ನೆ. ಹೀಗೆ ಮಾಡಿ ಮೂರನೇ ತಿಂಗಳಿಗೆ ಬೋಂಡನ ಬೆನ್ನು ನುಣ್ಣಗಾಯಿತು, ಕಿವಿ ಹಿಂದೆ ಕೂದಲು ಬಂತು. ಚಿಗಟ ನುಂಗಿದ ಬೆಕ್ಕಿಗೆ ಲಾಡಿ ಹುಳವೂ ಬರಬಹುದು. ಬಾಲದ ಬುಡದಲ್ಲಿ ಸಣ್ಣ ಬಿಳಿ ಚೂರು ಕಂಡು ಅದಕ್ಕೂ ಮಾತ್ರೆ ಕೊಡಿಸಿದೆವು. ಈ ಡ್ರಾಪ್ಸ್ ಹೊಟ್ಟೆಯ ಹುಳಕ್ಕೆ ಆಗುವುದಿಲ್ಲ.

ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿದೆ ಅಂತ ನಿಲ್ಲಿಸಬೇಡಿ ಅಂದಿದ್ದರು, ನಿಲ್ಲಿಸಲಿಲ್ಲ. ಎರಡನೇ ಮಳೆಗಾಲದಲ್ಲಿ ಬಾಲದ ಹತ್ತಿರ ಒಂದೆರಡು ಹಕ್ಕಳೆ ಬಂದು ಹೋಯಿತು, ಅಷ್ಟೇ. ಮಾತ್ರೆಯ ಅಗತ್ಯ ಬೀಳಲಿಲ್ಲ.

ಬೆಲೆ ಬಗ್ಗೆ ದೂರು ಇದೆ. ಎರಡು ಬೆಕ್ಕಿಗೆ ತಿಂಗಳು ತಿಂಗಳು ಹಾಕುವುದು ಹಗುರ ಖರ್ಚಲ್ಲ. ನಮ್ಮ ಪೇಟೆಯಲ್ಲಿ ಬೆಕ್ಕಿನ ಪಿಪೆಟ್ ಎಷ್ಟೋ ಸಲ ಸ್ಟಾಕ್ ಇರುವುದಿಲ್ಲ. ಒಬ್ಬ ಅಂಗಡಿಯವರು "ನಾಯಿದೇ ತಗೊಂಡು ಹೋಗಿ ಮೇಡಂ, ಅರ್ಧ ಹಾಕಿ" ಅಂತ ಕೊಡಲು ಬಂದರು. ತಿರುಗಿಸಿ ಓದಿದರೆ ಪರ್ಮೆಥ್ರಿನ್. ಇದು ಬೆಕ್ಕಿಗೆ ನಡುಕ, ಫಿಟ್ಸ್ ತರಿಸುತ್ತದೆ, ಜೀವವೇ ಹೋಗಬಹುದು. ಅರ್ಧವೂ ಬೇಡ, ಕಾಲೂ ಬೇಡ. ಎಂಟು ವಾರ ತುಂಬದ ಮರಿಗೆ ಬೆಕ್ಕಿನ ಪಿಪೆಟ್ ಕೂಡ ಹಾಕುವಂತಿಲ್ಲ. ಮನೆಯಲ್ಲಿ ಮೊಲ ಇದ್ದರೆ ಅದಕ್ಕೆ ಇದನ್ನು ಯಾವತ್ತೂ ಹಾಕಬೇಡಿ, ಫಿಪ್ರೊನಿಲ್ ಮೊಲಕ್ಕೆ ವಿಷ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮತ್ತೆ ತರುತ್ತೀರಾ ಅಂದರೆ, ಮುಂದಿನ ತಿಂಗಳದ್ದು ಆಗಲೇ ತಂದಿಟ್ಟಾಗಿದೆ. ಸದ್ಯದ ತಲೆನೋವು ಪಕ್ಕದ ಮನೆಯ ಗಂಡು ಬೆಕ್ಕು. ದಿನಾ ರಾತ್ರಿ ನಮ್ಮ ಸೌದೆ ರಾಶಿ ಮೇಲೆ ಮಲಗಿ ಕೆರೆದುಕೊಂಡು ಹೋಗುತ್ತದೆ. ಅದಕ್ಕೆ ಪಿಪೆಟ್ ಯಾರು ತರಬೇಕು ಅಂತ ಎರಡೂ ಮನೆಯವರು ಇನ್ನೂ ಮಾತಾಡಿಕೊಂಡಿಲ್ಲ.